ಅರ್ಧಕ್ಕಿಳಿದ ಎಣಿಕೆ: ವೀರ್ಯಾಣುಗಳ ಚರ್ಚೆಯಲ್ಲಿ ಮರೆತುಹೋಗುವ ಗಂಡಿನ ದೇಹ

ಗಂಡಸರ ವೀರ್ಯಾಣುಗಳ ಸಂಖ್ಯೆ ಅರ್ಧಕ್ಕರ್ಧ ಕುಸಿದಿದೆ ಎಂಬ ಸುದ್ದಿ ಕೆಲವು ವರ್ಷಗಳಿಗೊಮ್ಮೆ ಮರಳಿ ಬರುತ್ತಲೇ ಇರುತ್ತದೆ. ಇದು ದೊಡ್ಡ ಚರ್ಚೆಯಾದದ್ದು 1992ರಲ್ಲಿ. ಡೆನ್ಮಾರ್ಕಿನ ಎಲಿಸಬೆತ್ ಕಾರ್ಲ್‌ಸನ್, ನೀಲ್ಸ್ ಸ್ಕಾಕೆಬೆಕ್ ಮತ್ತು ಅವರ ಸಂಗಡಿಗರು 1938ರಿಂದ 1990ರವರೆಗಿನ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಒಂದು ಮಿಲಿಲೀಟರ್ ವೀರ್ಯದಲ್ಲಿ ಸರಾಸರಿ 11.3 ಕೋಟಿಯಷ್ಟಿದ್ದ ವೀರ್ಯಾಣುಗಳು 6.6 ಕೋಟಿಗೆ ಇಳಿದಿವೆ ಎಂದು ವರದಿ ಮಾಡಿದರು. 2017ರಲ್ಲಿ ಹಗಾಯ್ ಲೆವಿನ್, ಶಾನಾ ಸ್ವಾನ್ ಮತ್ತಿತರರು 185 ಅಧ್ಯಯನಗಳ ಸುಮಾರು 43 ಸಾವಿರ ಗಂಡಸರ ಮಾಹಿತಿಯನ್ನು ಇನ್ನಷ್ಟು ಕಟ್ಟುನಿಟ್ಟಿನ ವಿಧಾನದಲ್ಲಿ ಪರಿಶೀಲಿಸಿದರು. ಉತ್ತರ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ 1973ರಿಂದ 2011ರ ನಡುವೆ ಈ ಸಾಂದ್ರತೆ 9.9 ಕೋಟಿಯಿಂದ 4.7 ಕೋಟಿಗೆ ಬಂದಿದೆ ಎಂಬುದು ಅವರ ತೀರ್ಮಾನ. ಅದೇ ತಂಡ 2022ರ ಕೊನೆಯಲ್ಲಿ ಪ್ರಕಟಿಸಿದ ಮುಂದುವರಿಕೆಯಲ್ಲಿ, ಇಳಿಕೆ ಉಳಿದ ಖಂಡಗಳಲ್ಲೂ ಕಾಣುತ್ತಿದೆ, 2000ದ ನಂತರ ಅದರ ವೇಗ ಹೆಚ್ಚಿದೆ ಎಂದು ಹೇಳಲಾಯಿತು.

ಈ ಅಂಕಿಗಳನ್ನು ಕೆಲವರು ಮನುಕುಲದ ಅಂತ್ಯದ ಮುನ್ಸೂಚನೆಯಾಗಿ ಓದುತ್ತಾರೆ. ಇನ್ನು ಕೆಲವರು ಲೆಕ್ಕದ ಗೊಂದಲವೆಂದು ತಳ್ಳಿಹಾಕುತ್ತಾರೆ. ಎರಡೂ ಓದುಗಳಲ್ಲಿ ಕಾಣೆಯಾಗುವುದು, ಆ ವೀರ್ಯಾಣುಗಳನ್ನು ತಯಾರಿಸುವ ದೇಹ. ವೀರ್ಯಾಣು ಎಲ್ಲಿ ಹುಟ್ಟುತ್ತದೆ, ಎಷ್ಟು ದಿನ ತೆಗೆದುಕೊಳ್ಳುತ್ತದೆ, ಯಾವ ತಾಪದಲ್ಲಿ ಬೆಳೆಯುತ್ತದೆ, ಯಾರ ಆಜ್ಞೆಗೆ ಕಾಯುತ್ತದೆ ಎಂಬುದು ಗೊತ್ತಿಲ್ಲದೆ ಪ್ರಯೋಗಾಲಯದ ವರದಿಯಲ್ಲಿರುವ ಒಂದು ಸಂಖ್ಯೆಗೆ ಅರ್ಥವಿಲ್ಲ. ಆ ಹಾದಿಯನ್ನು ಒಮ್ಮೆ ನಡೆದು ನೋಡಿದರೆ, ಜಗತ್ತಿನ ಸರಾಸರಿ ಎಷ್ಟು ಇಳಿಯಿತು ಎಂಬ ಪ್ರಶ್ನೆಗಿಂತ ತುರ್ತಾದ ಇನ್ನೊಂದು ಕಣ್ಣಿಗೆ ಬೀಳುತ್ತದೆ ಎಂಬುದು ನನ್ನ ನಂಬಿಕೆ: ಮಕ್ಕಳಾಗದೆ ವೈದ್ಯರ ಬಳಿಗೆ ಬಂದ ದಂಪತಿಯಲ್ಲಿ ಗಂಡಸಿನ ದೇಹವನ್ನು ಸರಿಯಾಗಿ ಪರೀಕ್ಷಿಸುವವರು ಇನ್ನೂ ಕಡಿಮೆ ಏಕೆ?

ಇದಕ್ಕೆ ನಮ್ಮ ನುಡಿಯಲ್ಲೇ ಒಂದು ತೊಡಕಿದೆ. ‘ಬಂಜೆ’ ಎಂಬುದು ಹೆಣ್ಣನ್ನು ಮಾತ್ರ ಸೂಚಿಸುವ ಪದ. ಗಂಡಸಿನ ಸ್ಥಿತಿಯನ್ನು ಹೇಳಬೇಕಾದಾಗ ‘ಪುರುಷ ಬಂಜೆತನ’ ಎಂದು ಆ ಹೆಣ್ಣುಪದವನ್ನೇ ಎರವಲು ತರಬೇಕಾಗುತ್ತದೆ. ಗಂಡಸಿಗೆಂದೇ ಇರುವ ‘ಷಂಡ’, ‘ನಪುಂಸಕ’ ಎಂಬ ಬೈಗುಳಗಳು ಲೈಂಗಿಕ ಸಾಮರ್ಥ್ಯವನ್ನೂ ಸಂತಾನಶಕ್ತಿಯನ್ನೂ ಒಂದೇ ಗಂಟಾಗಿ ಕಟ್ಟಿಬಿಡುತ್ತವೆ. ಇನ್ನು ‘ವೀರ್ಯ’ ಎಂಬ ಪದಕ್ಕೆ ಪರಾಕ್ರಮ ಎಂಬ ಅರ್ಥವೂ ಇರುವುದರಿಂದ, ಅದರ ಪರೀಕ್ಷೆ ಎಂದರೆ ಪೌರುಷದ ಪರೀಕ್ಷೆಯೆಂಬ ಭಾವನೆ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಶರೀರರಚನೆಯಲ್ಲಾದರೋ ಇವು ಬೇರೆ ಬೇರೆ ಅಂಗಗಳ ಬೇರೆ ಬೇರೆ ಕೆಲಸಗಳು.

ಮೊದಲು ವೃಷಣಗಳು. ನಾಲ್ಕೈದು ಸೆಂಟಿಮೀಟರ್ ಉದ್ದದ, ಮೊಟ್ಟೆಯಾಕಾರದ ಈ ಎರಡು ಗ್ರಂಥಿಗಳು ಭ್ರೂಣದ ಹೊಟ್ಟೆಯೊಳಗೆ, ಮೂತ್ರಪಿಂಡಗಳ ಹತ್ತಿರ ಹುಟ್ಟಿ, ಗರ್ಭದ ಕೊನೆಯ ತಿಂಗಳುಗಳಲ್ಲಿ ಕೆಳಗಿಳಿದು ದೇಹದ ಹೊರಗಿರುವ ವೃಷಣಚೀಲವನ್ನು ಸೇರುತ್ತವೆ. ಹೃದಯ, ಯಕೃತ್ತು, ಮೂತ್ರಪಿಂಡಗಳನ್ನೆಲ್ಲ ಎಲುಬು ಮಾಂಸಗಳ ಮರೆಯಲ್ಲಿ ಕಾಪಾಡುವ ದೇಹ, ವಂಶ ಮುಂದುವರಿಸುವ ಅಂಗವನ್ನು ಹೀಗೆ ಹೊರಗೆ ತೂಗುಬಿಟ್ಟಿರುವುದಕ್ಕೆ ತಾಪವೇ ಕಾರಣ. ವೀರ್ಯಾಣುಗಳ ತಯಾರಿಕೆಗೆ ದೇಹದ ಒಳಗಿಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಾದ ಜಾಗ ಬೇಕು. ಚೀಲದ ಚರ್ಮ ತೆಳುವಾಗಿದ್ದು ಅದರಡಿ ಕೊಬ್ಬಿನ ಪದರವೇ ಇಲ್ಲ. ಚಳಿಯಾದಾಗ ಚರ್ಮದಡಿಯ ಸ್ನಾಯು ಅದನ್ನು ಮುದುಡಿಸುತ್ತದೆ, ಇನ್ನೊಂದು ಸ್ನಾಯು ವೃಷಣಗಳನ್ನು ದೇಹದತ್ತ ಎಳೆದುಕೊಳ್ಳುತ್ತದೆ. ಸೆಕೆಯಾದಾಗ ಎರಡೂ ಸಡಿಲಗೊಂಡು ಚೀಲ ಜೋತುಬೀಳುತ್ತದೆ. ಇದಕ್ಕಿಂತ ಸೊಗಸಾದ ಏರ್ಪಾಡು ರಕ್ತನಾಳಗಳದು. ವೃಷಣಕ್ಕೆ ಬಿಸಿರಕ್ತ ತರುವ ಅಪಧಮನಿಯ ಸುತ್ತ, ಅಲ್ಲಿಂದ ಹಿಂದಿರುಗುವ ಅಭಿಧಮನಿಗಳು ಬಳ್ಳಿಯಂತೆ ಹೆಣೆದುಕೊಂಡಿರುತ್ತವೆ. ಕೆಳಗೆ ಹೋಗುವ ರಕ್ತ ತನ್ನ ಬಿಸಿಯನ್ನು ಮೇಲೆ ಬರುವ ತಂಪುರಕ್ತಕ್ಕೆ ಕೊಟ್ಟು, ತಾನು ತಂಪಾಗಿಯೇ ವೃಷಣವನ್ನು ತಲುಪುತ್ತದೆ.

ಈ ಏರ್ಪಾಡು ಕೆಡುವ ಬಗೆಯೊಂದು ಬಹಳ ಸಾಮಾನ್ಯ. ಬಲ ವೃಷಣದ ಅಭಿಧಮನಿ ದೇಹದ ಮಹಾ ಅಭಿಧಮನಿಗೇ ಓರೆಯಾಗಿ ಸೇರಿದರೆ, ಎಡದ್ದು ಇನ್ನಷ್ಟು ಮೇಲಕ್ಕೆ ಹೋಗಿ ಎಡ ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುತ್ತದೆ. ಆ ಉದ್ದನೆಯ ರಕ್ತಸ್ತಂಭದ ಭಾರಕ್ಕೆ ಒಳಗಿನ ಕವಾಟಗಳು ಸೋತರೆ ರಕ್ತ ಕೆಳಗೇ ನಿಂತು ನಾಳಗಳು ಉಬ್ಬುತ್ತವೆ. ಇದನ್ನು ವೆರಿಕೋಸೀಲ್ ಎನ್ನುತ್ತಾರೆ, ಮತ್ತು ಇದು ಹೆಚ್ಚಾಗಿ ಎಡಗಡೆಯೇ ಕಾಣಿಸಿಕೊಳ್ಳುವುದಕ್ಕೆ ಈ ಕೊಳವೆಗಳ ಜೋಡಣೆಯೇ ಕಾರಣ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇದು ಇರುತ್ತದೆ. ಮಕ್ಕಳಾಗಿಲ್ಲವೆಂದು ಪರೀಕ್ಷೆಗೆ ಬಂದವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಇರುತ್ತದೆ. ಇದಿದ್ದೂ ತಂದೆಯಾದವರೇ ಹೆಚ್ಚು, ಆದ್ದರಿಂದ ಕಂಡ ಕೂಡಲೇ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಉಬ್ಬು ಕೈಗೆ ಸಿಗುವಂತಿದ್ದು, ವೀರ್ಯದ ವರದಿಯೂ ಕೆಟ್ಟಿದ್ದಾಗ ಅದನ್ನು ಸರಿಪಡಿಸಿದರೆ ಎಣಿಕೆ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. ಇದನ್ನು ಪತ್ತೆ ಮಾಡಲು ದುಬಾರಿ ಯಂತ್ರವೇನೂ ಬೇಕಿಲ್ಲ. ಗಂಡಸನ್ನು ನಿಲ್ಲಿಸಿ ಕೈಯಿಂದ ಮುಟ್ಟಿ ನೋಡುವ ವೈದ್ಯರಿದ್ದರೆ ಸಾಕು.

ವೃಷಣದ ಒಳಗೆ ಹೋದರೆ, ಬಿಳಿಯ ಗಟ್ಟಿ ಹೊದಿಕೆಯಿಂದ ಇಳಿದ ತೆಳು ಗೋಡೆಗಳು ಅದನ್ನು ಸುಮಾರು 250 ಕೋಣೆಗಳಾಗಿ ವಿಂಗಡಿಸುತ್ತವೆ. ಪ್ರತಿ ಕೋಣೆಯಲ್ಲಿ ಒಂದರಿಂದ ನಾಲ್ಕು ಸೂಕ್ಷ್ಮ ನಳಿಕೆಗಳು ಸುರುಳಿಸುತ್ತಿಕೊಂಡಿರುತ್ತವೆ. ಬಿಡಿಸಿ ಎಳೆದರೆ ಒಂದೊಂದೂ ಅರ್ಧ ಮೀಟರಿನ ಆಸುಪಾಸು ಉದ್ದ. ಎಲ್ಲವನ್ನೂ ಜೋಡಿಸಿದರೆ ನೂರಾರು ಮೀಟರು. ವೀರ್ಯಾಣುಗಳು ಹುಟ್ಟುವುದು ಈ ನಳಿಕೆಗಳ ಗೋಡೆಯಲ್ಲಿ. ಗೋಡೆಯುದ್ದಕ್ಕೂ ಎದ್ದುನಿಂತ ದೊಡ್ಡ ಕೋಶಗಳನ್ನು 1865ರಲ್ಲಿ ಇಟಲಿಯ ಎನ್ರಿಕೊ ಸೆರ್ಟೋಲಿ ಗುರುತಿಸಿದ. ಅವಕ್ಕೆ ಅವನದೇ ಹೆಸರು. ನಳಿಕೆಗಳ ನಡುವಿನ ಸಂದಿನಲ್ಲಿ ಟೆಸ್ಟೋಸ್ಟಿರಾನ್ ತಯಾರಿಸುವ ಕೋಶಗಳನ್ನು ಅದಕ್ಕೂ ಮುಂಚೆ, 1850ರಲ್ಲಿ, ಜರ್ಮನಿಯ ಫ್ರಾಂಜ್ ಲೈಡಿಗ್ ವರ್ಣಿಸಿದ್ದ.

ಸೆರ್ಟೋಲಿ ಕೋಶಗಳನ್ನು ದಾದಿಯರೆಂದು ಕರೆಯುವುದು ರೂಢಿ, ಆದರೆ ಅವು ದಾದಿಯರೂ ಹೌದು, ಕಾವಲುಗಾರರೂ ಹೌದು. ವೀರ್ಯಾಣುಗಳ ತಯಾರಿ ಶುರುವಾಗುವುದು ಪ್ರಾಯಕ್ಕೆ ಬಂದಾಗ. ರೋಗನಿರೋಧಕ ವ್ಯವಸ್ಥೆ ‘ನನ್ನದು ಯಾವುದು, ಪರಕೀಯ ಯಾವುದು’ ಎಂದು ಕಲಿತಿರುವುದು ಅದಕ್ಕಿಂತ ವರ್ಷಗಳ ಮೊದಲೇ. ಹಾಗಾಗಿ ಹೊಸದಾಗಿ ಕಾಣಿಸಿಕೊಳ್ಳುವ ವೀರ್ಯಾಣುಗಳು ಆ ವ್ಯವಸ್ಥೆಯ ಕಣ್ಣಿಗೆ ಹೊರಗಿನವರು. ಸೆರ್ಟೋಲಿ ಕೋಶಗಳು ಪರಸ್ಪರ ಬಿಗಿಯಾಗಿ ಹೊಲಿದುಕೊಂಡು ರಕ್ತಕ್ಕೂ ವೀರ್ಯಾಣುಗಳಿಗೂ ನಡುವೆ ತಡೆಗೋಡೆ ಕಟ್ಟುತ್ತವೆ. ಪೆಟ್ಟು ಬಿದ್ದು ಅಥವಾ ಶಸ್ತ್ರಚಿಕಿತ್ಸೆಯಿಂದ ಈ ತಡೆ ಒಡೆದಾಗ ದೇಹ ತನ್ನದೇ ವೀರ್ಯಾಣುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುವುದುಂಟು. ಇನ್ನೊಂದು ಮುಖ್ಯ ಸಂಗತಿ, ಒಂದು ಸೆರ್ಟೋಲಿ ಕೋಶ ಸಾಕಬಲ್ಲ ವೀರ್ಯಾಣುಗಳಿಗೆ ಒಂದು ಮಿತಿಯಿದೆ. ಮತ್ತು ಈ ಕೋಶಗಳು ಪ್ರಾಯಕ್ಕೆ ಬಂದ ಮೇಲೆ ಹೆಚ್ಚುವುದಿಲ್ಲ. ಅವುಗಳ ಸಂಖ್ಯೆ ನಿಗದಿಯಾಗುವುದು ಬಹುಮಟ್ಟಿಗೆ ಗರ್ಭದಲ್ಲಿ, ಶೈಶವದಲ್ಲಿ ಮತ್ತು ಬಾಲ್ಯದಲ್ಲಿ. ಎಂದರೆ ಮೂವತ್ತರ ಗಂಡಸಿನ ವೀರ್ಯಾಣು ಎಣಿಕೆಯ ಮೇಲ್ಮಿತಿ ಅವನು ಶಾಲೆಯಲ್ಲಿದ್ದಾಗಲೇ ತೀರ್ಮಾನವಾಗಿರುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎಣಿಕೆ ಏಕೆ ಇಳಿಯಿತು ಎಂಬ ವಾದದಲ್ಲಿ ಇದಕ್ಕೆ ಮತ್ತೆ ಬರಬೇಕಾಗುತ್ತದೆ.

ನಳಿಕೆಯ ತಳದಲ್ಲಿರುವ ಮೂಲಕೋಶ ಹಲವು ಬಾರಿ ಒಡೆದು, 46 ಕ್ರೋಮೋಸೋಮುಗಳನ್ನು 23ಕ್ಕೆ ಇಳಿಸಿಕೊಂಡು, ಕೊನೆಗೆ ತನ್ನ ಮೈಯ ಬಹುಭಾಗವನ್ನೇ ಕಳಚಿ ಬಾಲ ಮೂಡಿಸಿಕೊಂಡು ವೀರ್ಯಾಣುವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಸಾಮಾನ್ಯವಾಗಿ 64ರಿಂದ 74 ದಿನ ಎಂದು ಹೇಳುತ್ತಾರೆ. ಹೀಗೆ ನಿಧಾನವಾಗಿ ನಡೆಯುವ ಕೆಲಸ ಅಸಂಖ್ಯ ಕಡೆಗಳಲ್ಲಿ ಒಟ್ಟಿಗೇ ನಡೆಯುತ್ತಿರುವುದರಿಂದ ಆರೋಗ್ಯವಂತ ಯುವಕನ ದೇಹದಲ್ಲಿ ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣುಗಳು ಸಿದ್ಧವಾಗುತ್ತಿರುತ್ತವೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಎಕ್ಸ್, ಉಳಿದರ್ಧಕ್ಕೆ ವೈ ಕ್ರೋಮೋಸೋಮು ಸಿಗುತ್ತದೆ. ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವ ಕ್ರೋಮೋಸೋಮು ತಂದೆಯ ಕಡೆಯಿಂದಲೇ ಬರುತ್ತದೆ ಎಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗಲಾರದು.

ಈ 70 ದಿನಗಳ ಲೆಕ್ಕದಿಂದ ಒಂದು ವ್ಯಾವಹಾರಿಕ ಸತ್ಯ ಹೊರಡುತ್ತದೆ. ಇಂದು ಕೊಟ್ಟ ಮಾದರಿ ಇಂದಿನ ಆರೋಗ್ಯದ ಸಾಕ್ಷಿಯಲ್ಲ, ಎರಡೂವರೆ ಮೂರು ತಿಂಗಳ ಹಿಂದಿನದು. ಆಗ ಬಂದುಹೋದ ತೀವ್ರ ಜ್ವರ ಈಗಿನ ವರದಿಯಲ್ಲಿ ತಲೆಯೆತ್ತುತ್ತದೆ; ಇಂದು ಬಿಟ್ಟ ಸಿಗರೇಟಿನ ಫಲ ಮುಂದಿನ ತಿಂಗಳು ಕಾಣಿಸದಿದ್ದರೆ ನಿರಾಶರಾಗಬೇಕಿಲ್ಲ. ಒಬ್ಬನೇ ಮನುಷ್ಯನ ಎಣಿಕೆ ವಾರದಿಂದ ವಾರಕ್ಕೆ ಬಹಳ ಏರಿಳಿಯುತ್ತದೆ. ಒಂದೇ ಮಾದರಿಯ ಮೇಲೆ ಯಾರ ಹಣೆಬರಹವನ್ನೂ ಬರೆಯಬಾರದು.

ವೃಷಣದಿಂದ ಹೊರಬಿದ್ದ ವೀರ್ಯಾಣುವಿಗೆ ಈಜಲು ಬರುವುದಿಲ್ಲ. ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಒಂದೇ ಒಂದು ನಾಳ, ಬಿಡಿಸಿದರೆ ಸುಮಾರು ಆರು ಮೀಟರ್ ಉದ್ದದ್ದು, ಅದನ್ನು ಕೆಲವು ದಿನಗಳಲ್ಲಿ ದಾಟುವಾಗಲೇ ವೀರ್ಯಾಣು ಚಲನೆಯ ಶಕ್ತಿಯನ್ನು ಪಡೆಯುತ್ತದೆ. ಅದರ ಬಾಲದ ಭಾಗವೇ ಸಂಗ್ರಹಾಗಾರ. ಅಲ್ಲಿಂದ ದಪ್ಪ ಸ್ನಾಯುಗೋಡೆಯ ವೀರ್ಯನಾಳ ತೊಡೆಸಂದಿಯ ಮೂಲಕ ಹೊಟ್ಟೆಯೊಳಗೆ ಹೊಕ್ಕು, ಮೂತ್ರಕೋಶದ ಹಿಂಬದಿಗೆ ಬಳಸಿ ಬರುತ್ತದೆ. ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವುದು ಈ ನಾಳವನ್ನು ಮಾತ್ರ. ಟೆಸ್ಟೋಸ್ಟಿರಾನ್ ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುವುದರಿಂದ ಈ ಚಿಕಿತ್ಸೆಯಿಂದ ಗಂಡಸುತನ ಕುಂದುತ್ತದೆ ಎಂಬ ಭಯಕ್ಕೆ ಶರೀರರಚನೆಯಲ್ಲಿ ಆಧಾರವೇ ಇಲ್ಲ. ವೀರ್ಯದ ಗಾತ್ರದಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಐದನ್ನೂ ಮೀರದಿರುವುದರಿಂದ ಸ್ಖಲನದ ಪ್ರಮಾಣದಲ್ಲೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ನಾಳದ ಮುಂದಿನ ಭಾಗದಲ್ಲಿ ಉಳಿದ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಪರೀಕ್ಷೆಯಲ್ಲಿ ಶೂನ್ಯವೆಂದು ಖಚಿತವಾಗುವವರೆಗೆ ಬೇರೆ ಎಚ್ಚರಿಕೆ ಬಿಡುವಂತಿಲ್ಲ.

ವೀರ್ಯದ ಉಳಿದೆಲ್ಲ ದ್ರವ ಗ್ರಂಥಿಗಳ ಕೊಡುಗೆ. ಮೂರನೇ ಎರಡು ಭಾಗದಷ್ಟನ್ನು ವೀರ್ಯಕೋಶಗಳೆಂಬ ಜೋಡಿ ಗ್ರಂಥಿಗಳು ಕೊಡುತ್ತವೆ; ವೀರ್ಯಾಣುಗಳ ಆಹಾರವಾದ ಫ್ರಕ್ಟೋಸ್ ಸಕ್ಕರೆ ಮತ್ತು ವೀರ್ಯವನ್ನು ಮೊದಲಿಗೆ ಗಟ್ಟಿಯಾಗಿಸುವ ಪ್ರೋಟೀನು ಅದರಲ್ಲಿರುತ್ತವೆ. ಉಳಿದುದರಲ್ಲಿ ಹೆಚ್ಚಿನದು ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದ ಪ್ರಾಸ್ಟೇಟ್ ಗ್ರಂಥಿಯದು. ಗಟ್ಟಿಯಾದ ವೀರ್ಯವನ್ನು 15ರಿಂದ 30 ನಿಮಿಷಗಳಲ್ಲಿ ಮತ್ತೆ ನೀರಾಗಿಸುವ ಕಿಣ್ವ ಇಲ್ಲಿಂದ ಬರುತ್ತದೆ. ವಯಸ್ಸಾದವರ ರಕ್ತಪರೀಕ್ಷೆಯಲ್ಲಿ ಕಾಣುವ ಪಿ.ಎಸ್.ಎ. ಎಂಬುದು ಇದೇ ಕಿಣ್ವ. ಈ ದ್ರವಗಳನ್ನು ದೇಹ ಸದಾ ಸ್ರವಿಸುತ್ತಲೇ ಇರುತ್ತದೆ, ಹೊರಹೋಗದ ವೀರ್ಯಾಣುಗಳನ್ನು ತಾನೇ ಒಡೆದು ವಿಲೇವಾರಿ ಮಾಡುತ್ತದೆ. ವೀರ್ಯ ಹೋದರೆ ಶಕ್ತಿ ಹೋಯಿತೆಂದು ಕೊರಗುವ ಹುಡುಗರಿಗೆ ಯಾರಾದರೂ ಇಷ್ಟನ್ನು ಸಮಾಧಾನದಿಂದ ಹೇಳಿದರೆ ಎಷ್ಟೋ ನಿದ್ದೆಗೆಟ್ಟ ರಾತ್ರಿಗಳು ತಪ್ಪುತ್ತವೆ.

ಇಡೀ ವ್ಯವಸ್ಥೆಯ ಕಡಿವಾಣ ಇರುವುದು ಮಿದುಳಿನಲ್ಲಿ. ಹೈಪೋಥಲಮಸ್ ಎಂಬ ಭಾಗ ಒಂದೂವರೆ, ಎರಡು ಗಂಟೆಗೊಮ್ಮೆ ಮಿಡಿತದಂತೆ ಒಂದು ಹಾರ್ಮೋನನ್ನು ಬಿಡುತ್ತದೆ. ಅದರ ಆಜ್ಞೆಗೆ ಪಿಟ್ಯುಟರಿ ಗ್ರಂಥಿ ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುತ್ತದೆ. ಮೊದಲನೆಯದು ಲೈಡಿಗ್ ಕೋಶಗಳಿಂದ ಟೆಸ್ಟೋಸ್ಟಿರಾನ್ ತೆಗೆಸುತ್ತದೆ, ಎರಡನೆಯದು ಸೆರ್ಟೋಲಿ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. ವೀರ್ಯಾಣುಗಳು ಬೆಳೆಯಲು ವೃಷಣದ ಒಳಗೆ ಟೆಸ್ಟೋಸ್ಟಿರಾನ್ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರಬೇಕು. ರಕ್ತದಲ್ಲಿ ಅದು ಸಾಕಷ್ಟಾಯಿತೆಂದು ಮಿದುಳಿಗೆ ತಿಳಿದ ಕೂಡಲೇ ಮೇಲಿನ ಆಜ್ಞೆಗಳು ತಗ್ಗುತ್ತವೆ.

ಇಲ್ಲೇ ಇಂದಿನ ಯುವಕರನ್ನು ಕಾಡುವ ಒಂದು ಮೋಸ ಅಡಗಿದೆ. ಮೈಕಟ್ಟಿಗಾಗಿ, ಹುರುಪಿಗಾಗಿ ಟೆಸ್ಟೋಸ್ಟಿರಾನ್ ಚುಚ್ಚುಮದ್ದನ್ನೋ ಅದೇ ಜಾತಿಯ ಸ್ಟಿರಾಯ್ಡುಗಳನ್ನೋ ತೆಗೆದುಕೊಂಡಾಗ ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕುತ್ತದೆ. ಮಿದುಳು ಅದನ್ನು ನೋಡಿ ವೃಷಣಕ್ಕೆ ಆಜ್ಞೆ ಕೊಡುವುದನ್ನೇ ನಿಲ್ಲಿಸುತ್ತದೆ. ವೃಷಣದ ಒಳಗಿನ ಟೆಸ್ಟೋಸ್ಟಿರಾನ್ ಕುಸಿಯುತ್ತದೆ, ನಳಿಕೆಗಳು ಬರಿದಾಗುತ್ತವೆ, ವೃಷಣಗಳೇ ಸಣ್ಣದಾಗುತ್ತವೆ. ಇದು ಊಹೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೋಸ್ಟಿರಾನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ವಾರಕ್ಕೆ 200 ಮಿಲಿಗ್ರಾಂ ಚುಚ್ಚುಮದ್ದು ಪಡೆದ 271 ಗಂಡಸರ ಪೈಕಿ 157 ಮಂದಿ, ವೀರ್ಯಾಣು ಸಂಖ್ಯೆ ಶೂನ್ಯಕ್ಕಿಳಿದ ಮೇಲೆ, ಬೇರೆ ಯಾವ ನಿರೋಧಕವನ್ನೂ ಬಳಸದೆ ಒಂದು ವರ್ಷದ ಹಂತಕ್ಕೆ ಕಾಲಿಟ್ಟರು. ಆ ಅವಧಿಯಲ್ಲಿ ಗರ್ಭಧಾರಣೆಯಾದದ್ದು ಒಂದೇ ಒಂದು. ಗರ್ಭ ತಡೆಯುವಷ್ಟು ಬಲವಾದ ಔಷಧವನ್ನು ಗಂಡಸುತನ ಹೆಚ್ಚಿಸುವ ಮದ್ದೆಂದು ಮಾರುವುದನ್ನು, ಅದಕ್ಕಿಂತ ಹೆಚ್ಚಾಗಿ ಮಕ್ಕಳಾಗಲೆಂದು ಬಂದ ಗಂಡಸಿಗೇ ಅದನ್ನು ಬರೆದುಕೊಡುವುದನ್ನು ನೋಡಿದರೆ ಸಿಟ್ಟು ಬರುತ್ತದೆ. ನಿಲ್ಲಿಸಿದ ಮೇಲೆ ಬಹುಪಾಲು ಜನರಲ್ಲಿ ವೀರ್ಯಾಣುಗಳು ಮರಳುತ್ತವೆ, ಆದರೆ ಅದಕ್ಕೆ ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಮಿಕ್ಕಿ ಬೇಕಾಗುತ್ತದೆ.

ಶಿಶ್ನದ ವಿಷಯವನ್ನು ಚಿಕ್ಕದಾಗಿ ಹೇಳಬಹುದು, ಏಕೆಂದರೆ ವೀರ್ಯಾಣುಗಳ ತಯಾರಿಕೆಯಲ್ಲಿ ಅದರ ಪಾತ್ರವಿಲ್ಲ. ಎರಡು ಸ್ಪಂಜಿನಂಥ ಸ್ತಂಭಗಳು, ಅವುಗಳ ಕೆಳಗೆ ಮೂತ್ರನಾಳವನ್ನು ಹೊತ್ತ ಮೂರನೆಯದು. ನರಗಳ ಸೂಚನೆಗೆ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ರಕ್ತನಾಳಗಳು ಸಡಿಲಗೊಂಡು, ಒಳಬಂದ ರಕ್ತ ಹೊರಹೋಗದಂತೆ ಒತ್ತಿಹಿಡಿಯುವುದೇ ನಿಮಿರುವಿಕೆ. ರಕ್ತನಾಳಗಳಿಗೆ ನೈಟ್ರಿಕ್ ಆಕ್ಸೈಡ್ ಸಂದೇಶ ಮುಟ್ಟಿಸುವ ಬಗೆಯನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರ ನೊಬೆಲ್ ಬಂತು. ಇಲ್ಲಿನ ಅಪಧಮನಿಗಳು ಹೃದಯದವುಗಳಿಗಿಂತ ಕಿರಿದಾಗಿರುವುದರಿಂದ ಕೊಬ್ಬು ಕಟ್ಟಿಕೊಳ್ಳುವ ತೊಂದರೆ ಮೊದಲು ಇಲ್ಲೇ ಕಾಣಿಸಿಕೊಳ್ಳುವುದುಂಟು; ನಿಮಿರು ದೌರ್ಬಲ್ಯ ಕೆಲವು ವರ್ಷಗಳ ನಂತರದ ಹೃದಯಾಘಾತದ ಮುನ್ಸೂಚನೆಯಾಗಿರಬಹುದು. ಅದನ್ನು ಗುಟ್ಟಾಗಿ ಗುಳಿಗೆಯಿಂದ ಮುಚ್ಚಿಕೊಳ್ಳುವವರು ಒಂದು ಎಚ್ಚರಿಕೆಯನ್ನೂ ಮುಚ್ಚಿಕೊಳ್ಳುತ್ತಾರೆ. ಲೈಂಗಿಕವಾಗಿ ಯಾವ ಕೊರತೆಯೂ ಇಲ್ಲದವನ ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿರಬಹುದು. ನಿಮಿರು ದೌರ್ಬಲ್ಯವಿರುವವನ ಎಣಿಕೆ ಉತ್ತಮವಾಗಿರಬಹುದು.

ಇಷ್ಟು ತಿಳಿದ ಮೇಲೆ ಅರ್ಧಕ್ಕಿಳಿದ ಎಣಿಕೆಯ ಪ್ರಶ್ನೆಗೆ ಮರಳೋಣ. ಅದರ ಮೇಲಿನ ಆಕ್ಷೇಪಗಳು ಗಟ್ಟಿಯಾಗಿಯೇ ಇವೆ. ವೀರ್ಯಾಣುಗಳನ್ನು ಸೂಕ್ಷ್ಮದರ್ಶಕದಡಿ ಗೆರೆ ಎಳೆದ ಗಾಜಿನ ಮೇಲೆ ಎಣಿಸುವುದು ಕೈಚಳಕದ ಕೆಲಸ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಫಲಿತಾಂಶ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಏಕರೂಪದ ಕೈಪಿಡಿ ತಂದದ್ದೇ 1980ರಲ್ಲಿ. ಕೊನೆಯ ಸ್ಖಲನದಿಂದ ಎಷ್ಟು ದಿನವಾಗಿತ್ತೆಂಬುದರ ಮೇಲೂ ಸಂಖ್ಯೆ ನಿಂತಿದೆ. 1992ರ ವಿಶ್ಲೇಷಣೆಯಲ್ಲಿ ಹಳೆಯ ದಶಕಗಳ ಮಾಹಿತಿ ಬಹುಪಾಲು ಅಮೆರಿಕದ್ದು, ನಂತರದ್ದು ಹಲವು ದೇಶಗಳದ್ದು. ಹೆಚ್ಚು ಭರವಸೆ ಇಡಬಹುದಾದದ್ದು, ಒಂದೇ ಜಾಗದಲ್ಲಿ ಒಂದೇ ವಿಧಾನದಲ್ಲಿ ವರ್ಷಗಟ್ಟಲೆ ಎಣಿಸಿದ ಅಧ್ಯಯನಗಳು. ಡೆನ್ಮಾರ್ಕಿನಲ್ಲೇ 1996ರಿಂದ 2010ರವರೆಗೆ ಸುಮಾರು ಐದು ಸಾವಿರ ಯುವಕರನ್ನು ಹೀಗೆ ಪರೀಕ್ಷಿಸಿದಾಗ ಇಳಿಕೆ ಕಾಣಲಿಲ್ಲ, ಮಧ್ಯಾಂಕ 4.3 ಕೋಟಿಯಿಂದ 4.8 ಕೋಟಿಗೆ ತುಸು ಏರಿತ್ತು. ಆದರೂ ಆ ಸಂಶೋಧಕರು ನಿರಾಳರಾಗಲಿಲ್ಲ, ಏಕೆಂದರೆ 4.8 ಕೋಟಿಯೂ ಹಳೆಯ ದಾಖಲೆಗಳಿಗೆ ಹೋಲಿಸಿದರೆ ಕಡಿಮೆಯೇ.

ಇನ್ನೊಂದು ಪ್ರಶ್ನೆ, ಎಣಿಕೆ ಇಳಿದರೆ ಫಲವಂತಿಕೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆಯೆ ಎಂಬುದು. ಇಳಿಯುವುದಿಲ್ಲ. 1998ರಲ್ಲಿ ಪ್ರಕಟವಾದ, ಮೊದಲ ಮಗುವಿಗಾಗಿ ಪ್ರಯತ್ನಿಸುತ್ತಿದ್ದ 430 ಡೇನಿಶ್ ದಂಪತಿಗಳ ಅಧ್ಯಯನದಲ್ಲಿ, ಮಿಲಿಲೀಟರಿಗೆ ನಾಲ್ಕು ಕೋಟಿಯವರೆಗೆ ಎಣಿಕೆ ಏರಿದಂತೆ ಗರ್ಭ ನಿಲ್ಲುವ ಸಾಧ್ಯತೆ ಏರಿತು, ಅದರಾಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅಂದರೆ ಹತ್ತು ಕೋಟಿಯವನು ಐದು ಕೋಟಿಗೆ ಇಳಿದರೆ ಅವನ ಸಂಸಾರದಲ್ಲಿ ಏನೂ ಬದಲಾಗದಿರಬಹುದು. ನಾಲ್ಕು ಕೋಟಿಯವನು ಎರಡಕ್ಕೆ ಇಳಿದರೆ ಬದಲಾಗುತ್ತದೆ. ಸರಾಸರಿ ಇಳಿದಾಗ ನಿಜವಾಗಿ ಚಿಂತಿಸಬೇಕಾದದ್ದು ಇದಕ್ಕೇ: ಇಡೀ ಗುಂಪು ಕೆಳಕ್ಕೆ ಸರಿದರೆ ಆ ಗಡಿಯ ಕೆಳಗೆ ಬೀಳುವವರ ಪಾಲು ಹಿಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಕೊಡುವ 1.6 ಕೋಟಿ ಎಂಬ ಅಂಕಿಯನ್ನೂ ಇದೇ ಎಚ್ಚರದಿಂದ ಓದಬೇಕು. ಒಂದು ವರ್ಷದೊಳಗೆ ಸಂಗಾತಿ ಗರ್ಭಿಣಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನ ನೂರಕ್ಕೆ ಐದು ಮಂದಿ ಆ ಅಂಕಿಗಿಂತ ಕೆಳಗಿದ್ದರು ಎಂಬುದಷ್ಟೇ ಅದರ ಅರ್ಥ. ಅವರೂ ತಂದೆಯಾದವರೇ ಎಂಬುದನ್ನು ವರದಿ ಹಿಡಿದು ಬೆವರುವವರಿಗೆ ಯಾರೂ ಹೇಳುವುದಿಲ್ಲ.

ಹಾಗೆಂದು ಪರಿಸರದ ವಿಷಗಳನ್ನು ಲಘುವಾಗಿ ಕಾಣುವಂತಿಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಕೀಟನಾಶಕ ಕಾರ್ಖಾನೆಯೊಂದರ ಕೆಲಸಗಾರರು, ತಮ್ಮಲ್ಲಿ ಯಾರಿಗೂ ಹೊಸದಾಗಿ ಮಕ್ಕಳಾಗುತ್ತಿಲ್ಲವೆಂದು ಮಾತಾಡಿಕೊಳ್ಳುತ್ತ ಪರೀಕ್ಷೆಗೆ ಹೋದರು. ಮಣ್ಣಿನ ಹುಳುಗಳನ್ನು ಕೊಲ್ಲುವ ಡಿ.ಬಿ.ಸಿ.ಪಿ. ಎಂಬ ರಾಸಾಯನಿಕವನ್ನು ತಯಾರಿಸುತ್ತಿದ್ದ ಅವರಲ್ಲಿ ಹಲವರ ವೀರ್ಯಾಣುಗಳು ಅತಿ ಕಡಿಮೆಯಾಗಿದ್ದವು ಅಥವಾ ಇರಲೇ ಇಲ್ಲ. ವೃಷಣದ ಮೂಲಕೋಶಗಳನ್ನೇ ಅದು ನಾಶ ಮಾಡಿತ್ತು. ಕೆಲವರಿಗೆ ಎಂದೂ ಚೇತರಿಕೆಯಾಗಲಿಲ್ಲ. ಅದನ್ನು ಪತ್ತೆ ಮಾಡಿದ್ದು ಯಾವ ಮೇಲ್ವಿಚಾರಣಾ ವ್ಯವಸ್ಥೆಯೂ ಅಲ್ಲ, ಕೆಲಸದ ನಡುವಿನ ಹರಟೆ.

ಅತಿ ಸೂಕ್ಷ್ಮವಾದ ಅಪಾಯ ಇನ್ನೂ ಹಿಂದೆ, ಗರ್ಭದಲ್ಲಿದೆ. ವೈ ಕ್ರೋಮೋಸೋಮಿನಲ್ಲಿರುವ ಎಸ್.ಆರ್.ವೈ. ಎಂಬ ಜೀನು, ಇದು ಪತ್ತೆಯಾದದ್ದು 1990ರಲ್ಲಿ, ಭ್ರೂಣದ ಲಿಂಗಗ್ರಂಥಿಯನ್ನು ವೃಷಣವಾಗುವಂತೆ ತಿರುಗಿಸುತ್ತದೆ. ಬಳಿಕ ಸುಮಾರು 8ರಿಂದ 14ನೇ ವಾರದ ಅವಧಿಯಲ್ಲಿ ಆ ಪುಟ್ಟ ವೃಷಣ ಸ್ರವಿಸುವ ಟೆಸ್ಟೋಸ್ಟಿರಾನ್ ಉಳಿದ ಅಂಗಗಳನ್ನು ರೂಪಿಸುತ್ತದೆ. ಆ ಹೊತ್ತಿನಲ್ಲಿ ಹಾರ್ಮೋನಿಗೆ ಅಡ್ಡಿಯಾದರೆ ಮುಂದೆ ವೃಷಣ ಕೆಳಗಿಳಿಯದಿರುವುದು, ಮೂತ್ರದ್ವಾರ ತಪ್ಪು ಜಾಗದಲ್ಲಿ ತೆರೆಯುವುದು, ಯೌವನದಲ್ಲಿ ಕಡಿಮೆ ಎಣಿಕೆ, ವೃಷಣದ ಕ್ಯಾನ್ಸರು, ಇವೆಲ್ಲ ಒಂದೇ ಮೂಲದಿಂದ ಹೊರಡಬಹುದು ಎಂದು ಸ್ಕಾಕೆಬೆಕ್ ತಂಡ 2001ರಲ್ಲಿ ವಾದಿಸಿತು. ಪ್ಲಾಸ್ಟಿಕನ್ನು ಮೆದುವಾಗಿಸುವ ಥ್ಯಾಲೇಟುಗಳ ಮೇಲೆ ಅನುಮಾನ ಬಲವಾಗಿರುವುದು ಈ ಕಾರಣಕ್ಕೆ: ಗಂಡು ಇಲಿಯ ಭ್ರೂಣಗಳಲ್ಲಿ ಅವು ಟೆಸ್ಟೋಸ್ಟಿರಾನನ್ನು ತಗ್ಗಿಸುವುದು ಸಾಬೀತಾಗಿದೆ. ಮನುಷ್ಯರಲ್ಲಿ ನಂಟಿನ ಸುಳಿವುಗಳಿವೆ, ಕಾರಣವೆಂದು ಸಾಬೀತಾಗಿಲ್ಲ. ವಯಸ್ಕರ ಜೀವನಶೈಲಿಯನ್ನಷ್ಟೇ ದೂರುವವರು ಸೆರ್ಟೋಲಿ ಕೋಶಗಳ ಲೆಕ್ಕವನ್ನು ಮರೆತಿರುತ್ತಾರೆ. ತಂಬಾಕು, ಬೊಜ್ಜು, ಅತಿ ಮದ್ಯಗಳಿಂದ ಕೆಟ್ಟದ್ದು ಸುಧಾರಿಸಬಹುದು; ಕಟ್ಟುವಾಗಲೇ ಕಿರಿದಾದ ಕಾರ್ಖಾನೆಯನ್ನು ಆಮೇಲೆ ಹಿಗ್ಗಿಸಲಾಗದು. ಪೂರ್ಣಾವಧಿಗೆ ಹುಟ್ಟಿದ ಗಂಡುಮಕ್ಕಳಲ್ಲೂ ನೂರಕ್ಕೆ ಸುಮಾರು ಮೂವರ ವೃಷಣ ಚೀಲಕ್ಕೆ ಇಳಿದಿರುವುದಿಲ್ಲ. ಆರು ತಿಂಗಳಾದರೂ ತಾನಾಗಿ ಇಳಿಯದಿದ್ದರೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಂದ ಕೆಳಗಿಳಿಸಬೇಕೆಂಬ ಸಲಹೆ ಇರುವುದು ಇದಕ್ಕಾಗಿಯೇ, ದೊಡ್ಡವನಾದ ಮೇಲೆ ನೋಡೋಣವೆಂದು ಬಿಡುವುದು ಸಲ್ಲದು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿದಂತೆ ವಯಸ್ಕರಲ್ಲಿ ಆರರಲ್ಲಿ ಒಬ್ಬರಿಗೆ ಜೀವನದ ಯಾವುದೋ ಹಂತದಲ್ಲಿ ಸಂತಾನಹೀನತೆಯ ಅನುಭವವಾಗುತ್ತದೆ. ಇಂಥ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಅಂಶವೂ ಸೇರಿರುತ್ತದೆ. ಹೀಗಿದ್ದರೂ ತಪಾಸಣೆ ಹೆಣ್ಣಿನಿಂದ ಶುರುವಾಗಿ, ಅವಳ ರಕ್ತ, ಗರ್ಭಾಶಯ, ನಳಿಕೆಗಳೆಲ್ಲ ಮುಗಿದ ಮೇಲೆ ಗಂಡನ ಸರದಿ ಬರುತ್ತದೆ. ಅದೂ ಒಂದು ವೀರ್ಯ ವರದಿಗೆ ಮುಗಿಯುತ್ತದೆ. 1992ರಲ್ಲಿ ಬ್ರಸೆಲ್ಸ್‌ನ ಸಂಶೋಧಕರು ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸಿ ಮಗು ಪಡೆಯುವ ಇಕ್ಸಿ ವಿಧಾನದ ಯಶಸ್ಸನ್ನು ವರದಿ ಮಾಡಿದ ಮೇಲೆ ಸಾವಿರಾರು ಗಂಡಸರು ತಂದೆಯಾದರು. ಆದರೆ ಒಂದೇ ವೀರ್ಯಾಣು ಸಾಕೆಂದ ಮೇಲೆ, ಉಳಿದವು ಏಕಿಲ್ಲ ಎಂದು ಕೇಳುವ ಅಗತ್ಯವೂ ಹಲವೆಡೆ ಹಿಂದೆ ಸರಿಯಿತು. ಚುಚ್ಚುಮದ್ದು, ಅಂಡ ಹೊರತೆಗೆಯುವ ನೋವುಗಳೆಲ್ಲ ಹೆಣ್ಣಿನ ಪಾಲಿಗೆ, ದೋಷ ಗಂಡನದಾಗಿದ್ದರೂ.

ಹಾಗೆ ಕೇಳದೆ ಬಿಟ್ಟರೆ ಏನು ತಪ್ಪಿಹೋಗುತ್ತದೆಂಬುದನ್ನು ನೋಡಲು, ವೀರ್ಯದಲ್ಲಿ ವೀರ್ಯಾಣುವೇ ಇಲ್ಲವೆಂಬ ಒಂದೇ ಬಗೆಯ ವರದಿ ಹಿಡಿದ ಇಬ್ಬರನ್ನು ಊಹಿಸಿಕೊಳ್ಳಿ. ಮೊದಲನೆಯವನ ವೃಷಣಗಳ ಗಾತ್ರ ಸರಿಯಿದೆ, ಎಫ್.ಎಸ್.ಎಚ್. ಸರಿಯಿದೆ, ವೀರ್ಯದ ಪ್ರಮಾಣ ಕಡಿಮೆ, ಅದರಲ್ಲಿ ಫ್ರಕ್ಟೋಸ್ ಇಲ್ಲ, ಮತ್ತು ವೈದ್ಯರ ಬೆರಳಿಗೆ ವೀರ್ಯನಾಳ ಸಿಗುವುದಿಲ್ಲ. ಅವನಲ್ಲಿ ತಯಾರಿಕೆ ಚೆನ್ನಾಗಿಯೇ ನಡೆದಿದೆ, ದಾರಿ ಹುಟ್ಟಿನಿಂದಲೇ ಇಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣವಾಗುವ ಜೀನಿನ ದೋಷ ಇದರ ಹಿಂದಿರುವುದು ಸಾಮಾನ್ಯವಾದ್ದರಿಂದ, ಮಗುವಿಗೆ ಆ ಕಾಯಿಲೆ ಬರಬಾರದೆಂದರೆ ಹೆಂಡತಿಯ ಜೀನನ್ನೂ ಮೊದಲೇ ನೋಡಬೇಕು. ಎರಡನೆಯವನ ವೃಷಣಗಳು ಸಣ್ಣವು, ಎಫ್.ಎಸ್.ಎಚ್. ಏರಿದೆ, ಪಿಟ್ಯುಟರಿ ಗಟ್ಟಿಯಾಗಿ ಕೂಗುತ್ತಿದ್ದರೂ ನಳಿಕೆಗಳಿಂದ ಉತ್ತರವಿಲ್ಲ. ಅವನಿಗೊಂದು ಹೆಚ್ಚುವರಿ ಎಕ್ಸ್ ಕ್ರೋಮೋಸೋಮು ಇರಬಹುದು. ಸುಮಾರು ಆರುನೂರು ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆ, ಬಹಳ ಮಂದಿಗೆ ಜೀವನಪರ್ಯಂತ ಗೊತ್ತಾಗುವುದಿಲ್ಲ. ಅಥವಾ ವೈ ಕ್ರೋಮೋಸೋಮಿನ ಒಂದು ತುಣುಕು ಕಳೆದುಹೋಗಿರಬಹುದು. ಎ.ಝಡ್.ಎಫ್. ಎಂಬ ಆ ಪ್ರದೇಶದ ‘ಎ’ ಭಾಗ ಪೂರ್ತಿ ಇಲ್ಲವಾಗಿದ್ದರೆ ವೃಷಣವನ್ನು ತೆರೆದು ಹುಡುಕುವುದೇ ವ್ಯರ್ಥ, ಆ ಶಸ್ತ್ರಚಿಕಿತ್ಸೆಯನ್ನು ಅವನಿಗೆ ತಪ್ಪಿಸಬಹುದು. ‘ಸಿ’ ಭಾಗ ಮಾತ್ರ ಇಲ್ಲವಾಗಿದ್ದರೆ ಸೂಕ್ಷ್ಮದರ್ಶಕದಡಿ ಹುಡುಕಿದಾಗ ಅನೇಕರಲ್ಲಿ ನಾಲ್ಕಾರು ವೀರ್ಯಾಣುಗಳು ಸಿಗುತ್ತವೆ, ಅವುಗಳಿಂದ ಮಗುವೂ ಆಗಬಹುದು. ಹುಟ್ಟುವುದು ಗಂಡಾದರೆ ತಂದೆಯ ಅದೇ ವೈ ಕ್ರೋಮೋಸೋಮು, ಅದೇ ಕೊರತೆಯೊಂದಿಗೆ, ಅವನಿಗೂ ಬರುತ್ತದೆ. ಅದನ್ನು ಮೊದಲೇ ತಿಳಿದು ಮುಂದುವರಿಯುವುದೋ ಬೇಡವೋ ಎಂಬ ತೀರ್ಮಾನ ಆ ದಂಪತಿಯದು.